ಬದಲಿ ಸಿಗದ ದೋಷಯುಕ್ತ ಸರಕು: ಗ್ರಾಹಕರ ಹಕ್ಕುಗಳು

ಕೊಂಡ ಸರಕಿನಲ್ಲಿ ದೋಷ ಕಂಡುಬಂದು, ಅದೇ ಬಗೆಯ ಒಳ್ಳೆಯ ಸರಕನ್ನು ಬದಲಿಗೆ ಕೊಡಲು ಮಾರಿದವರಿಂದ ಆಗದಿದ್ದಾಗ ಕೊಂಡವರಿಗೆ ಉಳಿಯುವ ಹಕ್ಕುಗಳು. ಭಾರತದಲ್ಲಿ ಇವುಗಳಿಗೆ ಆಧಾರವಾಗಿರುವುದು ಮುಖ್ಯವಾಗಿ 1930ರ ಸರಕು ಮಾರಾಟ ಕಾಯ್ದೆ ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದು ಇಷ್ಟು: ಬದಲಿ ಕೊಡಲಾಗದ್ದು ಅಂಗಡಿಯವರ ತೊಂದರೆ, ಅದರಿಂದ ಕೊಂಡವರ ಹಕ್ಕು ಮುಗಿಯುವುದಿಲ್ಲ, ಹಣದ ರೂಪಕ್ಕೆ ತಿರುಗುತ್ತದೆ. ಪೇಟೆಯಲ್ಲಿ ನಡೆಯುವುದು ಬೇರೆ. ‘ಸ್ಟಾಕಿಲ್ಲ’, ‘ಆ ಮಾಡೆಲ್ ಈಗ ಬರ್ತಿಲ್ಲ’, ‘ಕಂಪನಿಯವರನ್ನೇ ಕೇಳಿ’ ಎಂಬ ಮಾತುಗಳಿಗೆ ಬಹಳ ದೂರುಗಳು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಸೋತುಹೋಗುತ್ತವೆ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯಂಥ ಊರಿನಿಂದ ನೋಡಿದರೆ ಈ ಸೋಲಿಗೆ ಕಾರಣ ಕಾಣುತ್ತದೆ. ಕೆರೆ, ಗುಡ್ಡ ಮತ್ತು ಸ್ಕೌಟ್ಸ್ ಶಿಬಿರ ಕೇಂದ್ರದಿಂದ ಹೆಸರಾದ ಈ ಊರಿನವರಿಗೆ ದೊಡ್ಡ ಖರೀದಿಗೆ ಇರುವ ಪೇಟೆಗಳು ಎರಡು, ಹರಿಹರ ಮತ್ತು ದಾವಣಗೆರೆ. ಮದುವೆ ಜವಳಿಗೆ ದಾವಣಗೆರೆಯ ಚೌಕಿಪೇಟೆ, ಸಗಟು ದಿನಸಿಗೆ ಮಂಡಿಪೇಟೆ. ಫ್ರಿಡ್ಜು, ಮಿಕ್ಸಿ, ಮೊಬೈಲು, ಪಂಪ್‌ಸೆಟ್ಟು, ಬಿತ್ತನೆ ಬೀಜಕ್ಕೂ ಇವೇ ಎರಡು ಊರು. ಕೆಟ್ಟ ವಸ್ತುವನ್ನು ಹೊತ್ತು ಮತ್ತೆ ಪೇಟೆಗೆ ಹೋಗುವುದೆಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋದಂತೆ. ‘ಮುಂದಿನ ವಾರ ಬನ್ನಿ’ ಎಂದು ಎರಡು ಸಲ ಹೇಳಿದರೆ ಸಾಕು, ಸಾವಿರ ರೂಪಾಯಿಯ ವಸ್ತುವಿನ ಮೇಲಿನ ಆಸೆಯನ್ನು ಹಳ್ಳಿಯವರು ಬಿಟ್ಟುಬಿಡುತ್ತಾರೆ. ಬೆಲೆ ವಾಪಸಾತಿಯ ಜೊತೆಗೆ ಅಲೆದಾಟಕ್ಕೂ ಪರಿಹಾರ ಕೇಳಬಹುದೆಂಬುದು ತಿಳಿದವರು ಕಡಿಮೆ.

ಕಾನೂನು ಬೆಳೆದ ಬಗೆ

ಸರಕು ಮಾರಾಟ ಕಾಯ್ದೆ ಇಂಗ್ಲಿಷ್ ಕಾನೂನಿನ ಅಚ್ಚಿನಲ್ಲಿ ಎರಕಗೊಂಡದ್ದು. ‘ಕೊಳ್ಳುವವರೇ ನೋಡಿಕೊಂಡು ಕೊಳ್ಳಬೇಕು’ ಎಂಬ ಹಳೆಯ ತತ್ತ್ವವೇ ಅದರ ಬುನಾದಿ. ಆದರೆ ಅದೇ ಕಾಯ್ದೆಯ 16ನೆಯ ಕಲಂ ಆ ತತ್ತ್ವಕ್ಕೆ ದೊಡ್ಡ ಅಪವಾದಗಳನ್ನು ಇಟ್ಟಿತು. ಇಂಥ ಕೆಲಸಕ್ಕೆ ಬೇಕೆಂದು ಹೇಳಿ, ಅಂಗಡಿಯವರ ತಿಳಿವಳಿಕೆಯನ್ನು ನಂಬಿ ಕೊಂಡರೆ ವಸ್ತು ಆ ಕೆಲಸಕ್ಕೆ ಒದಗಬೇಕು. ಆ ಬಗೆಯ ಸರಕಿನ ವ್ಯಾಪಾರಿಯಿಂದ ವಿವರ ಹೇಳಿ ಕೊಂಡರೆ ಅದು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಇವು ಬಿಲ್ಲಿನಲ್ಲಿ ಬರೆಯದಿದ್ದರೂ ಇರುವ ಷರತ್ತುಗಳು. 17ನೆಯ ಕಲಂ ಪ್ರಕಾರ ಮಾದರಿ ತೋರಿಸಿ ಮಾರಿದ ಸರಕು ಮಾದರಿಯಂತೆಯೇ ಇರಬೇಕು. ಬಟ್ಟೆ, ಅಕ್ಕಿ, ಟೈಲ್ಸ್ ವ್ಯಾಪಾರದಲ್ಲಿ ಇದು ದಿನನಿತ್ಯದ ಮಾತು.

ಷರತ್ತು ಮುರಿದರೆ ಸರಕನ್ನು ತಿರಸ್ಕರಿಸಿ ಬೆಲೆ ವಾಪಸು ಕೇಳಬಹುದು. ಆದರೆ ಒಮ್ಮೆ ‘ಸ್ವೀಕರಿಸಿದ’ ಮೇಲೆ ತಿರಸ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗಿ, ನಷ್ಟ ಪರಿಹಾರದ ಹಕ್ಕು ಮಾತ್ರ ಉಳಿಯುತ್ತದೆ. ಸಮಂಜಸ ಅವಧಿ ಮೀರಿ ಏನೂ ಹೇಳದೆ ಇಟ್ಟುಕೊಂಡರೂ ಅದು ಸ್ವೀಕಾರವೇ (42ನೆಯ ಕಲಂ). ದೋಷ ಕಂಡ ಕೂಡಲೇ ಬರಹದಲ್ಲಿ, ಕಡೆಯ ಪಕ್ಷ ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ, ತಿಳಿಸಬೇಕೆಂಬ ಸಲಹೆಗೆ ಇದೇ ಕಾರಣ. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಕಲಂ 43. ತಿರಸ್ಕರಿಸಿದ ಸರಕನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ಮುಟ್ಟಿಸುವ ಹೊಣೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೊಂಡವರದಲ್ಲ; ‘ಇದು ನಮಗೆ ಬೇಡ’ ಎಂದು ತಿಳಿಸಿದರೆ ಸಾಕು. ಕೊಂಡಜ್ಜಿಯ ಮನೆಯೊಂದರಲ್ಲಿ ನಿಂತಿರುವ ಕೆಟ್ಟ ಫ್ರಿಡ್ಜಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ಹಕ್ಕು ಇದ್ದರೂ ಅದನ್ನು ಪಡೆಯಲು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಿತ್ತು. ಎಂಟುನೂರು ರೂಪಾಯಿಯ ಇಸ್ತ್ರಿ ಪೆಟ್ಟಿಗೆಗೆ ಯಾರು ದಾವೆ ಹೂಡುತ್ತಾರೆ? ಬೇರೆ ದಾರಿ ತೆರೆದುಕೊಂಡದ್ದು ಮೆಲ್ಲಗೆ. ಗ್ರಾಹಕ ಹಕ್ಕುಗಳ ಕುರಿತು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಿಗೆ ಸಂದೇಶ ಕಳಿಸಿದ್ದು 1962ರ ಮಾರ್ಚ್ 15ರಂದು. ವಿಶ್ವಸಂಸ್ಥೆ ಗ್ರಾಹಕ ಸಂರಕ್ಷಣೆಯ ಮಾರ್ಗಸೂಚಿ ಒಪ್ಪಿದ್ದು 1985ರಲ್ಲಿ. ಮರುವರ್ಷವೇ, 1986ರ ಡಿಸೆಂಬರ್ 24ರಂದು, ಭಾರತದ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತಾರೆ. ಜಿಲ್ಲೆಗೊಂದು ವೇದಿಕೆ, ಸರಳ ವಿಚಾರಣೆ, ವಕೀಲರು ಕಡ್ಡಾಯವಲ್ಲ ಎಂಬುದು ಅದರ ಹೊಸತನ. ಕರ್ನಾಟಕದಲ್ಲಿ ಅದನ್ನು ಜನರ ಬಳಿಗೆ ಒಯ್ದವರಲ್ಲಿ ಕುಂದಾಪುರದ ಹತ್ತಿರದ ಬಸರೂರಿನ ಬಳಕೆದಾರರ ವೇದಿಕೆ ಮತ್ತು ಅದನ್ನು ಕಟ್ಟಿದ ಡಾ. ರವೀಂದ್ರನಾಥ ಶಾನುಭಾಗ್, ಮೈಸೂರು ಗ್ರಾಹಕರ ಪರಿಷತ್ತು ಮುಖ್ಯರು. ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಈಗ ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇದೆ.

2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಈ ಲೇಖನದ ವಿಷಯಕ್ಕೆ ಅದರ ಎರಡು ಭಾಗಗಳು ತಿರುಳು. ಒಂದು, 2(47)ನೆಯ ಕಲಂ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ಹಿಂದೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿ. ಹಣ ಮರಳಿಸುವ ಅವಧಿ ಬಿಲ್ಲಿನಲ್ಲಿ ಹೇಳಿದಷ್ಟು, ಹೇಳಿಲ್ಲದಿದ್ದರೆ 30 ದಿನ. ಇನ್ನೊಂದು, 39ನೆಯ ಕಲಂ. ದೋಷ ಸಾಬೀತಾದರೆ ಆಯೋಗ ಅದನ್ನು ಸರಿಪಡಿಸಲು, ಅದೇ ಬಗೆಯ ದೋಷರಹಿತ ಹೊಸ ಸರಕು ಕೊಡಲು, ಬೆಲೆಯನ್ನು ಬಡ್ಡಿ ಸಮೇತ ಮರಳಿಸಲು, ನಷ್ಟ ಪರಿಹಾರ ಮತ್ತು ಖರ್ಚು ಕೊಡಲು ಆದೇಶಿಸಬಹುದು. ಮೊದಲನೆಯ ಕಲಮಿನಲ್ಲಿ ಒಂದು ಸಂದು ಉಳಿದಿದೆ. ಬಿಲ್ಲಿನ ಮೇಲೆ ಮೂರೋ ಏಳೋ ದಿನ ಎಂದು ಅಚ್ಚು ಹಾಕಿಸಿಕೊಂಡ ಅಂಗಡಿಗೆ 30 ದಿನದ ಮಾತು ತಟ್ಟುವುದಿಲ್ಲ. ಆದರೂ ಆ ಅವಧಿ ಕಳೆದ ಮಾತ್ರಕ್ಕೆ ದೂರಿನ ಹಕ್ಕು ಹೋಗದು. ದೋಷದ ಮೇಲಿನ ದೂರಿಗೆ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.

‘ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲನ್ನು ಬಿಲ್ಲಿನಲ್ಲಿ ಅಚ್ಚು ಹಾಕಿಸುವುದು ಅನುಚಿತ ಪದ್ಧತಿಯೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 1999ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಆ ಸಾಲು ಇನ್ನೂ ಬಿಲ್ಲುಗಳ ಅಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ ಕಾಣುತ್ತದೆ. ದೋಷವಿರುವ ಸರಕಿನ ಮಟ್ಟಿಗೆ ಅದಕ್ಕೆ ಬೆಲೆಯಿಲ್ಲ. ದೋಷವಿಲ್ಲದ ಸರಕಿನ ಮಾತು ಬೇರೆ: ಬಣ್ಣ ಹಿಡಿಸಲಿಲ್ಲ, ಮನೆಯಲ್ಲಿ ಒಪ್ಪಲಿಲ್ಲ, ಬೇರೆಡೆ ಅಗ್ಗಕ್ಕೆ ಸಿಕ್ಕಿತು ಎಂಬ ಕಾರಣಗಳಿಗೆ ಅಂಗಡಿಯವರು ಬದಲಿಸಿ ಕೊಟ್ಟರೆ ಅದು ಅವರ ಸೌಜನ್ಯ, ಕೊಂಡವರ ಕಾನೂನುಬದ್ಧ ಹಕ್ಕಲ್ಲ. ಈ ಎರಡನ್ನೂ ಬೆರೆಸಿಕೊಂಡು ಜಗಳವಾಡುವವರು ಕೌಂಟರಿನ ಎರಡೂ ಕಡೆ ಇದ್ದಾರೆ.

ಬದಲಿ ಇಲ್ಲವೆನ್ನುವುದರ ಹಲವು ಅರ್ಥಗಳು

ಸ್ಟಾಕು ಮುಗಿದಿದೆ ಎಂಬುದು ಇವುಗಳಲ್ಲಿ ಸುಲಭದ್ದು. ತರಿಸಿ ಕೊಡಬಹುದಾದರೆ ಸಮಂಜಸ ಅವಧಿ ಕಾಯಬಹುದು, ಕಾಯಲೇಬೇಕೆಂದಿಲ್ಲ. ಅಂಗಡಿಯವರು ಹಣದ ಬದಲು ಕ್ರೆಡಿಟ್ ನೋಟ್ ಬರೆದುಕೊಟ್ಟು ‘ಇಷ್ಟಕ್ಕೆ ಬೇರೇನಾದರೂ ತಗೊಳ್ಳಿ’ ಎನ್ನುವುದು ವಾಡಿಕೆ. ದೋಷಯುಕ್ತ ಸರಕಿಗೆ ಅದನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ. ಕಾಯ್ದೆ ಹೇಳುವುದು ಕೊಟ್ಟ ಬೆಲೆಯ ವಾಪಸಾತಿಯನ್ನು. ಮದುವೆ ಸೀರೆಯಂಥ ವಸ್ತುವಿಗೆ ಬದಲಿಯೆಂಬುದೇ ಕೆಲವೊಮ್ಮೆ ಅರ್ಥಹೀನ. ಆ ಬಣ್ಣ, ಆ ಅಂಚಿನದು ಒಂದೇ ಪೀಸು ಇತ್ತು, ಮುಹೂರ್ತವೂ ಕಳೆದಿದೆ.

ಮಾಡೆಲ್ ನಿಂತುಹೋಗಿರುವುದು ಮೊಬೈಲು, ಟಿ.ವಿ.ಗಳಲ್ಲಿ ಸಾಮಾನ್ಯ. ಕಾಯ್ದೆ ಕೇಳುವುದು ‘ಅದೇ ಬಗೆಯ’ ಸರಕನ್ನು, ಅದೇ ಮಾಡೆಲನ್ನೇ ಅಲ್ಲ. ಹೊಸ ಮಾಡೆಲು ದುಬಾರಿ ಎಂದು ಮೇಲ್ಹಣ ಕೇಳಿದರೆ ಅದನ್ನು ತಳ್ಳಿ ಬೆಲೆ ವಾಪಸು ಕೇಳುವ ದಾರಿ ತೆರೆದೇ ಇರುತ್ತದೆ. ಬಳಸಿದ ಅವಧಿಗೆ ಸವಕಳಿ ಕಳೆದು ಉಳಿದದ್ದನ್ನು ಕೊಡಿಸುವ ಆದೇಶಗಳೂ ಉಂಟು. ಇನ್ವರ್ಟರ್ ಬ್ಯಾಟರಿಗಳ ವಾರಂಟಿಯಲ್ಲಿ ಇದು ಮೊದಲೇ ಬರೆದಿರುತ್ತದೆ: ಮೊದಲ ಕೆಲವು ತಿಂಗಳು ಪೂರ್ತಿ ಬದಲಿ, ಆಮೇಲೆ ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಮಾತ್ರ.

ವಾರಂಟಿ ಕಾರ್ಡಿನ ಮಾತು ಬಂದಾಗ ಗ್ರಾಹಕರ ಪರ ಬರಹಗಳು ಸಾಮಾನ್ಯವಾಗಿ ಮೌನವಾಗುವ ಸಂಗತಿಯೊಂದಿದೆ. ಒಂದು ಭಾಗ ಕೆಟ್ಟರೆ ಇಡೀ ವಸ್ತು ಬದಲಿಸಿಕೊಡಬೇಕೆಂಬ ಹಕ್ಕು ತಾನಾಗಿ ಹುಟ್ಟುವುದಿಲ್ಲ. ಮಾರುತಿ ಕಂಪನಿಯ ಕಾರೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ವಾರಂಟಿ ದೋಷಯುಕ್ತ ಭಾಗವನ್ನು ಸರಿಪಡಿಸುವ ಅಥವಾ ಬದಲಿಸುವ ಮಾತನ್ನಷ್ಟೇ ಆಡಿರುವಾಗ ಇಡೀ ಕಾರನ್ನೇ ಬದಲಿಸಿ ಎನ್ನಲಾಗದು ಎಂದಿತು. ಆದ್ದರಿಂದ ಇಂಥ ಯಂತ್ರಗಳಲ್ಲಿ ಮೂಲ ಪ್ರಶ್ನೆ ದೋಷ ತಯಾರಿಕೆಯದೋ, ಒಂದು ಭಾಗದ್ದೋ ಎಂಬುದು. ಅದೇ ದೋಷ ಮತ್ತೆ ಮತ್ತೆ ಮರುಕಳಿಸಿದ ಸರ್ವಿಸ್ ಸೆಂಟರಿನ ಜಾಬ್ ಕಾರ್ಡುಗಳೇ ಆಗ ದೊಡ್ಡ ಸಾಕ್ಷ್ಯ. ಬಿಡಿಭಾಗವೇ ಸಿಗದೆ ತಿಂಗಳುಗಟ್ಟಲೆ ನಿಂತರೆ ದುರಸ್ತಿಯ ಭರವಸೆಯೂ ಮುರಿದಂತಾಗಿ, ದಾರಿ ಮತ್ತೆ ಹಣದ ಕಡೆಗೇ ಹೊರಳುತ್ತದೆ.

‘ಕಂಪನಿಯವರನ್ನೇ ಕೇಳಿ’ ಎಂಬ ಮಾತಿಗೆ ಕಾನೂನಿನಲ್ಲಿ ಬಲ ಕಡಿಮೆ. ಹಣ ಪಡೆದು ಬಿಲ್ಲು ಬರೆದವರು ಅಂಗಡಿಯವರು. ಮಾರಾಟದ ಒಪ್ಪಂದ ಇರುವುದು ಅವರೊಂದಿಗೆ. ದೂರಿನಲ್ಲಿ ಅಂಗಡಿಯವರನ್ನೂ ತಯಾರಕರನ್ನೂ ಎದುರುದಾರರನ್ನಾಗಿ ಸೇರಿಸುವುದು ರೂಢಿ, ಜಾಣತನವೂ ಹೌದು. ಆಯೋಗಗಳು ಅನೇಕ ವೇಳೆ ಇಬ್ಬರನ್ನೂ ಜಂಟಿಯಾಗಿ ಹೊಣೆ ಮಾಡುತ್ತವೆ. ತಯಾರಕರ ವಿಳಾಸ, ಗ್ರಾಹಕ ದೂರಿನ ಫೋನ್ ಸಂಖ್ಯೆ 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪ್ಯಾಕಿನ ಮೇಲೆ ಇರಲೇಬೇಕು. ರಟ್ಟಿನ ಡಬ್ಬಿಯನ್ನು ಮೊದಲ ದಿನವೇ ಗುಜರಿಗೆ ಹಾಕದಿರುವುದು ಲೇಸು. ತಯಾರಕರು ಯಾರೆಂದೇ ತಿಳಿಯದ, ಇಲ್ಲವೇ ಅವರಿಗೆ ನೋಟಿಸು ತಲುಪಿಸಲಾಗದ ಸರಕಿನಿಂದ ಮೈಗೆ ಗಾಯವೋ ಬೇರೆ ಆಸ್ತಿಗೆ ಹಾನಿಯೋ ಆದರೆ, 2019ರ ಕಾಯ್ದೆಯ 86ನೆಯ ಕಲಂ ಪ್ರಕಾರ ಉತ್ಪನ್ನದ ಹೊಣೆ ಮಾರಿದವರ ತಲೆಗೇ ಬರಬಹುದು. ಹೆಸರಿಲ್ಲದ ಚಾರ್ಜರು, ಗೀಸರ್ ಮಾರುವವರು ಇದನ್ನು ತಿಳಿದಿರಬೇಕು. ವಸ್ತು ಬರೇ ಕೆಟ್ಟುಹೋದದ್ದು ಕಾಯ್ದೆಯ ಈ ಉತ್ಪನ್ನ ಹೊಣೆಯ ಅಧ್ಯಾಯಕ್ಕೆ ಸೇರುವುದಿಲ್ಲ, ಅದು ಸಾಮಾನ್ಯ ದೋಷದ ದೂರು.

ಚಿನ್ನದ ವಿಷಯದಲ್ಲಿ ಬದಲಿಯ ಜಗಳಕ್ಕೇ ಹೋಗಬೇಕಿಲ್ಲ. ಹಾಲ್‌ಮಾರ್ಕ್ ಒಡವೆಯ ಶುದ್ಧತೆ ಹೇಳಿದ್ದಕ್ಕಿಂತ ಕಡಿಮೆ ಬಂದರೆ, ಭಾರತೀಯ ಮಾನಕ ಬ್ಯೂರೋದ 2018ರ ನಿಯಮಗಳಂತೆ, ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಶುಲ್ಕ ಕೊಡಬೇಕು. ಆನ್‌ಲೈನ್ ಖರೀದಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷವಿದ್ದ, ನಕಲಿಯಾದ, ಜಾಹೀರಾತಿನಂತೆ ಇಲ್ಲದ ಸರಕನ್ನು ವಾಪಸು ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಬಿತ್ತಿದ ಬೀಜ

ದಾವಣಗೆರೆ ಸೀಮೆಯಲ್ಲಿ ಈ ವಿಷಯ ಎಲ್ಲಕ್ಕಿಂತ ತೀವ್ರವಾಗಿ ಎದುರಾಗುವುದು ಬಿತ್ತನೆ ಬೀಜದಲ್ಲಿ. ಹರಿಹರ ತಾಲ್ಲೂಕಿನ ನಾಲೆ ಬಯಲುಗಳು ಭದ್ರಾ ನೀರಿನ ಭತ್ತದ ನೆಲ. ಮಳೆಯಾಶ್ರಿತ ಹೊಲಗಳು ಮೆಕ್ಕೆಜೋಳದವು. ಬೀಜ ಮೊಳೆಯದೆ ಹೋದರೆ, ಮೊಳೆತರೂ ಬೇರೆ ತಳಿಯಾದರೆ, ಅಂಗಡಿಯವರು ಇನ್ನೊಂದು ಚೀಲ ಕೊಟ್ಟ ಮಾತ್ರಕ್ಕೆ ಏನಾಗುತ್ತದೆ? ಮುಂಗಾರಿನ ಹದ ಹೋಗಿರುತ್ತದೆ, ಗೊಬ್ಬರ, ಉಳುಮೆ, ಕೂಲಿಯ ದುಡ್ಡು ಮಣ್ಣಿಗೆ ಸೇರಿರುತ್ತದೆ. ಚೀಲದ ಬೆಲೆ ವಾಪಸಾದರೂ ಅದು ನಷ್ಟದ ಒಂದು ಚೂರು. ಬದಲಿ ಅಸಾಧ್ಯ ಎಂಬುದರ ನಿಜವಾದ ಅರ್ಥ ಇಲ್ಲಿದೆ. ಕಳೆದ ಹಂಗಾಮನ್ನು ಯಾರೂ ತಂದುಕೊಡಲಾರರು.

ಬೀಜದ ಕಂಪನಿಗಳು ಬಹಳ ಕಾಲ ಮೂರು ವಾದ ಹೂಡಿದವು: ಬೀಜಕ್ಕೆ 1966ರ ಬೀಜ ಕಾಯ್ದೆ ಇರುವಾಗ ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ, ರೈತರು ಲಾಭಕ್ಕಾಗಿ ಬೆಳೆಯುವವರು, ಗ್ರಾಹಕರಲ್ಲ, ಬೀಜವನ್ನು ಪ್ರಯೋಗಾಲಯಕ್ಕೆ ಕಳಿಸದೆ ದೋಷ ಸಾಬೀತಾಗದು. ಆಂಧ್ರದ ರೈತರ ಪ್ರಕರಣಗಳಲ್ಲಿ, ರಾಷ್ಟ್ರೀಯ ಬೀಜ ನಿಗಮದ ಮೇಲ್ಮನವಿಯ ಮೇಲೆ, ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಮೂರನ್ನೂ ತಳ್ಳಿಹಾಕಿತು. ಕೊಂಡ ಬೀಜವನ್ನೆಲ್ಲ ರೈತರು ಬಿತ್ತುತ್ತಾರೆ, ಮುಂದೆ ದೋಷ ಬಂದೀತೆಂದು ಒಂದು ಹಿಡಿ ತೆಗೆದಿಡಲಿ ಎಂದು ನಿರೀಕ್ಷಿಸಲಾಗದು ಎಂಬುದು ತೀರ್ಪಿನ ಸಾರ. ನಾಡಿನ ಗ್ರಾಹಕ ಕಾನೂನಿನಲ್ಲಿ ಇಷ್ಟು ನೆಲದ ಮೇಲೆ ನಿಂತು ಮಾತಾಡಿದ ತೀರ್ಪುಗಳು ಹೆಚ್ಚಿಲ್ಲ.

ಸಾಬೀತಿಗೆ ಬೇಕಾಗುವುದು ಲಾಟ್ ಸಂಖ್ಯೆಯಿರುವ ಬಿಲ್ಲು, ಚೀಲ, ಚೀಲಕ್ಕೆ ಹೊಲಿದ ಚೀಟಿ (ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ) ಮತ್ತು ಹೊಲಕ್ಕೆ ಬಂದು ನೋಡಿದ ಕೃಷಿ ಅಧಿಕಾರಿ ಇಲ್ಲವೇ ವಿಜ್ಞಾನಿಯ ವರದಿ. ಬೆಳೆ ನಿಂತಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಡಬೇಕು. ಅಳಿಸಿ ಮರುಬಿತ್ತನೆ ಮಾಡಿದ ಮೇಲೆ ನೋಡಲು ಏನೂ ಉಳಿಯದು. ಪ್ರಮಾಣಿತ ಬೀಜದ ಕನಿಷ್ಠ ಮೊಳಕೆ ಪ್ರಮಾಣ ಭತ್ತಕ್ಕೆ ಶೇ. 80, ಮೆಕ್ಕೆಜೋಳದ ಹೈಬ್ರಿಡ್‌ಗೆ ಶೇ. 90. ಮಳೆ ಕೊರತೆ, ಬಿತ್ತಿದ ಆಳ, ಹುಳುಬಾಧೆ ಕಾರಣವೆಂದು ಎದುರುದಾರರು ವಾದಿಸುವುದು ಖಂಡಿತ. ಅದೇ ಲಾಟಿನ ಬೀಜ ಬಿತ್ತಿದ ಅಕ್ಕಪಕ್ಕದ ರೈತರು ಒಟ್ಟಾಗಿ ಬಂದರೆ ಆ ವಾದ ಸಡಿಲವಾಗುತ್ತದೆ.

ಯಾರು ಗ್ರಾಹಕರು

ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆಂದೇ ಕೊಂಡು, ತಾವೇ ಬಳಸುವವರು ಗ್ರಾಹಕರೇ. ಹೊಲಿಗೆ ಯಂತ್ರ ಕೊಂಡ ದರ್ಜಿ, ಬೆಣ್ಣೆದೋಸೆಯ ಗಾಡಿಗೆ ಗ್ರೈಂಡರ್ ಕೊಂಡವರು ಈ ಸಾಲಿನವರು. ಹಲವು ಆಳು ಇಟ್ಟು ನಡೆಸುವ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಯಂತ್ರ ತಂದವರ ವಿಷಯ ಅಷ್ಟು ಸುಲಭವಲ್ಲ. ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರು. ಮಗ ಬೆಂಗಳೂರಿನಿಂದ ಕೊಂಡು ಕಳಿಸಿದ ಟಿ.ವಿ.ಯ ಬಗ್ಗೆ ಕೊಂಡಜ್ಜಿಯ ತಾಯಿ ದೂರು ಕೊಡಬಹುದು.

ಬೇರೆ ದೇಶಗಳಲ್ಲಿ

ಬ್ರಿಟನ್ನಿನ 2015ರ ಕಾಯ್ದೆಯಲ್ಲಿ ಮೊದಲ 30 ದಿನ ಸರಕನ್ನು ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಆಮೇಲೆ ಒಂದು ದುರಸ್ತಿ ಅಥವಾ ಬದಲಿಯ ಅವಕಾಶ, ಅದು ಫಲಿಸದಿದ್ದರೆ ಇಲ್ಲವೇ ಅಸಾಧ್ಯವಾದರೆ ಬೆಲೆ ಕಡಿತ ಅಥವಾ ವಾಪಸಾತಿ. ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿಯೂ ಇಂಥದೇ ಏಣಿಯಿದೆ. ಭಾರತದ ಕಾಯ್ದೆಯಲ್ಲಿ ಮೆಟ್ಟಿಲುಗಳನ್ನು ಹೀಗೆ ಕ್ರಮವಾಗಿ ಜೋಡಿಸಿಲ್ಲ. ಯಾವ ಪರಿಹಾರ ಎಂಬುದು ಆಯೋಗದ ವಿವೇಚನೆಗೆ ಬಿಟ್ಟದ್ದು. ಅಂಗಡಿಯ ಕೌಂಟರಿನಲ್ಲೇ ತೀರಬೇಕಾದ ಜಗಳ ಆಯೋಗದವರೆಗೆ ಹೋಗಲು ಇದೂ ಒಂದು ಕಾರಣ.

ದೂರಿನ ದಾರಿ

ಮೊದಲ ಹೆಜ್ಜೆ ಅಂಗಡಿಗೂ ತಯಾರಕರಿಗೂ ಲಿಖಿತ ಪತ್ರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೂ ದೂರು ದಾಖಲಿಸಬಹುದು; ಅಲ್ಲಿ ನಡೆಯುವುದು ಸಂಧಾನ, ತೀರ್ಪಲ್ಲ. ಅದೂ ಫಲಿಸದಿದ್ದರೆ ಜಿಲ್ಲಾ ಆಯೋಗ. 2021ರ ಡಿಸೆಂಬರ್‌ನ ನಿಯಮಗಳ ನಂತರ ಜಿಲ್ಲಾ ಆಯೋಗದ ಮಿತಿ ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಊರಿನ ಜಿಲ್ಲೆಯಲ್ಲೇ ದೂರು ಹಾಕಬಹುದೆಂಬುದು 2019ರ ಕಾಯ್ದೆಯ ದೊಡ್ಡ ಅನುಕೂಲ. ಆನ್‌ಲೈನ್ ಮಾರಾಟಗಾರರು ಗುರುಗ್ರಾಮದಲ್ಲಿದ್ದರೂ ಕೊಂಡಜ್ಜಿಯವರು ದಾವಣಗೆರೆಗೆ ಹೋದರೆ ಸಾಕು. ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೂ ಸಲ್ಲಿಸಬಹುದು.

ಎದುರುದಾರರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ, ಉತ್ತರ ಕೊಡಬೇಕು. 45 ದಿನದ ಈ ಗಡಿ ಮೀರುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಸ್ಪಷ್ಟಪಡಿಸಿದೆ. ಪರೀಕ್ಷೆ ಬೇಕಾದ ಸರಕನ್ನು ಆಯೋಗ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಕಾಯ್ದೆಯ ಆಶಯದಂತೆ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಇದ್ದರೆ ಐದು ತಿಂಗಳಲ್ಲಿ ಮುಗಿಯಬೇಕು. ವಾಸ್ತವದಲ್ಲಿ ಇನ್ನೂ ತಡವಾಗುತ್ತದೆ. ಆಯೋಗಗಳ ಖಾಲಿ ಹುದ್ದೆಗಳ ವಿಷಯವನ್ನು 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುವ ವ್ಯವಸ್ಥೆ ಇದೆ. ಸಣ್ಣ ಮೊತ್ತದ ವ್ಯಾಜ್ಯಕ್ಕೆ ಅದು ಬಹುಶಃ ಹೆಚ್ಚು ಹೊಂದುತ್ತದೆ, ಏಕೆಂದರೆ ಅದೇ ಅಂಗಡಿಗೆ ನಾಳೆ ಮತ್ತೆ ಹೋಗಬೇಕಾಗುತ್ತದೆ.

ಆದೇಶದ ಮೇಲೆ 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು; ಹಣ ಕೊಡಬೇಕಾದವರು ಅರ್ಧ ಮೊತ್ತ ಠೇವಣಿ ಇಟ್ಟ ಮೇಲೆಯೇ ಅದರ ವಿಚಾರಣೆ. ಆದೇಶ ಪಾಲಿಸದವರಿಗೆ 72ನೆಯ ಕಲಂ ಪ್ರಕಾರ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಂಗಡಿ ಬಾಗಿಲು ಹಾಕಿದ್ದರೆ, ಅದು ಒಬ್ಬರದೇ ಮಾಲೀಕತ್ವದ್ದಾಗಿದ್ದ ಪಕ್ಷದಲ್ಲಿ ಮಾಲೀಕರು ಖುದ್ದಾಗಿ ಹೊಣೆ, ಪಾಲುದಾರಿಕೆಯಾದರೆ ಪಾಲುದಾರರು. ದಿವಾಳಿ ಪ್ರಕ್ರಿಯೆಗೆ ಒಳಗಾದ ಕಂಪನಿಯಾದರೆ ವಸೂಲಿ ಅಲ್ಲಿಗೆ ತಡೆಯಾಗಿ, ಗ್ರಾಹಕರೂ ಕಂಪನಿಯಿಂದ ಹಣ ಬರಬೇಕಾದ ಉಳಿದವರ ಸಾಲಿನಲ್ಲಿ ತಮ್ಮ ಬಾಕಿ ಮಂಡಿಸಬೇಕಾಗುತ್ತದೆ.